ಇತರೆ ಸಂಬಂಧಿ

ನನ್ನ ಮುಖದ ಬಗ್ಗೆ ನನಗೊಂದು ಚಿಂತೆಯಿದೆ. ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ. ಸುಸ್ತಾಗದೇ ಇದ್ದಾಗಲೂ ಅದು ಸುಸ್ತಾದ ಮುಖದ ಹಾಗೆ ಕಾಣುತ್ತದೆ. ಕಣ್ಣಿನ ಕೆಳಗೆ ಹುಟ್ಟಿನಿಂದಲೇ ಬಂದ ಕಪ್ಪು, ತುಟಿಯ ತುದಿಗಳು ಸ್ವಲ್ಪ ಕೆಳಕ್ಕೆ. ಸ್ಕೂಲಿನಲ್ಲಿದ್ದಾಗ ಟೀಚರುಗಳು ‘ಯಾಕಮ್ಮ, ಹುಷಾರಿಲ್ವಾ?’ ಎಂದು ಕೇಳಿ ಬೇಗ ಮನೆಗೆ ಕಳಿಸಿಬಿಡುತ್ತಿದ್ದರು. ಆಗ ಅದರಿಂದ ಲಾಭವಿತ್ತು. ಈಗ ಅದೇ ಮುಖದ ದೆಸೆಯಿಂದ ನಮ್ಮವರು ಮನೆಯನ್ನೇ ಬದಲಾಯಿಸಲು ಹೊರಟಿದ್ದಾರೆ.

ಸಂಜೆ ಎರಡು ಬಸ್ಸು ಹತ್ತಿ ಇಳಿದು ನಾನು ಬಾಗಿಲಿಗೆ ಬರುವ ಹೊತ್ತಿಗೆ ಅಮ್ಮ ಎದುರಿಗೇ ನಿಂತಿರುತ್ತಾಳೆ. ಮುಖಕ್ಕೆ ನೀರು ಹಾಕಿಕೊಳ್ಳಲೂ ಬಿಡದೆ ನನ್ನನ್ನು ದೀಪದ ಕೆಳಗೆ ನಿಲ್ಲಿಸಿ ಅಪ್ಪನಿಗೆ ತೋರಿಸುತ್ತಾಳೆ, ಅಂಗಡಿಯವನು ಮೋಸ ಮಾಡಿ ಕೊಟ್ಟ ತರಕಾರಿಯನ್ನು ತೋರಿಸುವ ಹಾಗೆ.

‘ನೋಡಿ, ಹೇಗಾಗಿದಾಳೆ ನೋಡಿ. ಇನ್ನು ತಡ ಮಾಡೋದು ಬೇಡ. ಇವಳ ಆಫೀಸಿನ ಹತ್ತಿರ ಮನೆ ಮಾಡಿಬಿಡೋಣ.’

‘ನಂಗೇನೂ ಆಗಿಲ್ಲಮ್ಮ.’

‘ಏನೂ ಆಗಿಲ್ಲ ಅನ್ನೋದನ್ನೂ ಎಷ್ಟು ಸುಸ್ತಾಗಿ ಹೇಳ್ತಾಳೆ, ಕೇಳಿ.’

ಅತ್ತೆ ಒಳಗಿನಿಂದಲೇ ನನ್ನ ಪರ ವಹಿಸುತ್ತಾರೆ. ‘ಹುಟ್ಟಿದಾಗಲೂ ಹೀಗೇ ಇದ್ಲು ಬಿಡೇ. ಎಲ್ಲ ಮಕ್ಕಳೂ ಅಳ್ತಾ ಬಂದ್ರೆ ಇವಳು ಆಕಳಿಸ್ಕೊಂಡು ಬಂದ್ಲು. ನಾನೇ ನೋಡಿದೀನಲ್ಲ.’

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದವರು. ನಾನು ಆಗಿನ್ನೂ ಅಕ್ಷರ ಕಲಿಯುತ್ತಿದ್ದೆ. ಅಂದಿನಿಂದ ಅವರದೂ ನನ್ನದೂ ಒಂದೇ ರೂಮು. ಅವರ ಮಂಚ ಕಿಟಕಿಯ ಕಡೆ, ನನ್ನದು ಬಾಗಿಲ ಕಡೆ, ನಡುವೆ ಒಬ್ಬರು ಅಡ್ಡವಾಗಿ ನಡೆಯುವಷ್ಟು ಜಾಗ. ಅತ್ತೆ ಗೊರಕೆ ಹೊಡೆಯುತ್ತಾರೆ. ಬೆಳಗಾಗುವ ಮೊದಲೇ ಎದ್ದು ರೇಡಿಯೋವನ್ನು ಕಿವಿಗೆ ಹಿಡಿದು ಕೂರುತ್ತಾರೆ. ನನಗೆ ತೊಂದರೆಯಾಗಬಾರದೆಂದು ಶಬ್ದವನ್ನು ಎಷ್ಟು ಸಣ್ಣಗೆ ಇಡುತ್ತಾರೆಂದರೆ, ಅದು ಏನು ಹೇಳುತ್ತಿದೆ ಎಂದು ತಿಳಿಯುವ ಆಸೆಗೇ ನನಗೆ ನಿದ್ದೆ ಹಾರಿಹೋಗುತ್ತದೆ. ಇದನ್ನೆಲ್ಲ ಡೈರಿಯಲ್ಲಿ ಬರೆದಿದ್ದೇನೆ. ಬಾಯಿಬಿಟ್ಟು ಹೇಳಬೇಕಾದ್ದನ್ನೆಲ್ಲ ಡೈರಿಯಲ್ಲಿ ಬರೆದು ಕೈತೊಳೆದುಕೊಳ್ಳುವುದು ನನಗೆ ರೂಢಿ.

ತಮಾಷೆಯೆಂದರೆ, ಆಫೀಸಿನಲ್ಲೂ ನನ್ನದು ಮನೆ ಬದಲಾಯಿಸುವ ಕೆಲಸವೇ. ಓದು ಮುಗಿಸಿ ನಾನು ಸೇರಿಕೊಂಡದ್ದು ಊರಿನ ಯೋಜನಾ ಕಚೇರಿಯ ಒಂದು ಸಣ್ಣ ವಿಭಾಗಕ್ಕೆ. ತೆರೆಯಲು ಬಾರದ ಕಿಟಕಿ, ನಾಲ್ಕಾರು ಮೇಜು, ಒಂದೇ ಸಮ ಉಸಿರೆಳೆಯುವ ಎರಡು ದೊಡ್ಡ ಕಂಪ್ಯೂಟರು. ಅವುಗಳೊಳಗೆ ನಮ್ಮ ಊರಿನಂಥದ್ದೇ ಇನ್ನೊಂದು ಊರಿದೆ. ಅದರಲ್ಲಿರುವವರು ನಿಜವಾದ ಜನರಲ್ಲ, ಜನಗಣತಿಯ ಲೆಕ್ಕಕ್ಕೆ ಹೊಂದುವಂತೆ ನಾವೇ ಹುಟ್ಟಿಸಿದವರು. ಒಬ್ಬೊಬ್ಬರಿಗೂ ಒಂದೊಂದು ಸಾಲು. ಹೆಸರಿಲ್ಲ, ವಯಸ್ಸಿದೆ, ಕೆಲಸವಿದೆ, ಯಾವ ಬಡಾವಣೆ, ಮನೆಯ ಯಜಮಾನನಿಗೆ ಏನಾಗಬೇಕು ಎಂಬುದಿದೆ. ಗುಂಡಿ ಒತ್ತಿದರೆ ಅವರಿಗೆ ಒಂದು ವರ್ಷ ಕಳೆಯುತ್ತದೆ. ಕೆಲವರು ಹುಟ್ಟುತ್ತಾರೆ, ಕೆಲವರು ಸಾಯುತ್ತಾರೆ, ಕೆಲವರು ಇದ್ದ ಮನೆ ಬೇಸರವಾಗಿ ಬೇರೆ ಮನೆ ಹುಡುಕುತ್ತಾರೆ. ಹೊಸ ಮನೆಗೆ ಹೋದವರು ಹೊಸ ದಾರಿಯಲ್ಲಿ ಕೆಲಸಕ್ಕೆ ಹೊರಡುತ್ತಾರೆ. ಆ ದಾರಿ ತುಂಬುತ್ತದೆ, ಬಸ್ಸು ತಡವಾಗುತ್ತದೆ, ರೋಸಿಹೋದವರು ಮುಂದಿನ ವರ್ಷ ಮತ್ತೆ ಮನೆ ಹುಡುಕುತ್ತಾರೆ. ಮನೆಯಿಂದಾಗಿ ರಸ್ತೆ ಬದಲಾಗುತ್ತದೆ, ರಸ್ತೆಯಿಂದಾಗಿ ಮನೆ. ಹೀಗೇ ವರ್ಷಗಟ್ಟಲೆ ಓಡಿಸಿ, ಊರಿನಾಚೆಗೆ ಹೊಸ ರೈಲು ಹಾಕಿದರೆ ಯಾರು ಎಲ್ಲಿ ಹೋಗಿ ನೆಲೆಸುತ್ತಾರೆ, ಎಷ್ಟು ಜನ ಅದನ್ನು ಹತ್ತುತ್ತಾರೆ ಎಂದು ಹೇಳುವುದು ನಮ್ಮ ಕೆಲಸ. ಅದಕ್ಕೆಂದು ಬರೆದ ಪ್ರೋಗ್ರಾಮಿನಲ್ಲಿ ಮನೆ ಬದಲಾಯಿಸುವ ಭಾಗವನ್ನು ಪರೀಕ್ಷಿಸುವುದು ನನ್ನ ಪಾಲಿಗೆ ಬಂದದ್ದು.

‘ಹಾಗಾದ್ರೆ ನಿನ್ನ ಕಂಪ್ಯೂಟರನ್ನೇ ಕೇಳಿಬಿಡು, ನಾವು ಎಲ್ಲಿಗೆ ಹೋಗ್ಬೇಕು ಅಂತ,’ ಎಂದು ಅಪ್ಪ ತಮಾಷೆ ಮಾಡುತ್ತಾರೆ. ವಾರಕ್ಕೆರಡು ಸಲವಾದರೂ ಮಾಡುತ್ತಾರೆ. ನಾನು ಪ್ರತಿ ಸಲವೂ ನಗುತ್ತೇನೆ.

ನಮ್ಮ ವಿಭಾಗದ ಮುಖ್ಯಸ್ಥರನ್ನು ನಾವು ಬೆನ್ನ ಹಿಂದೆ ಸರಾಸರಿ ಸಾಹೇಬರು ಎನ್ನುತ್ತೇವೆ. ಯಾವ ತಪ್ಪು ತೋರಿಸಿದರೂ ‘ಸರಾಸರೀಲಿ ಸರಿಹೋಗುತ್ತೆ ಬಿಡಿ’ ಎನ್ನುವುದು ಅವರ ಮಾತು. ಪಕ್ಕದ ಮೇಜಿನವಳು ಬಸ್ಸುಗಳ ಲೆಕ್ಕ ನೋಡುತ್ತಾಳೆ. ಅವಳನ್ನು ಎಲ್ಲರೂ ಕಂಡಕ್ಟರ್ ಎಂದೇ ಕರೆಯುವುದು. ನನ್ನ ಪಾಲಿನ ಮಾತನ್ನೂ ಅವಳೇ ಆಡಿಬಿಡುವುದರಿಂದ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತದೆ.

ಒಂದು ದಿನ ಅವಳು ಕುರ್ಚಿಯನ್ನು ನನ್ನ ಕಡೆ ಉರುಳಿಸಿಕೊಂಡು ಬಂದಳು.

‘ಏನೇ, ನಿನ್ನ ಮುದುಕಿಯರೆಲ್ಲ ಎಲ್ಲಿಗೆ ಹೋದ್ರೇ?’

‘ಯಾವ ಮುದುಕಿಯರು?’

‘ಮಧ್ಯಾಹ್ನದ ಬಸ್ಸಲ್ಲಿ ಓಡಾಡೋರು. ಆಸ್ಪತ್ರೆಗೆ, ಬ್ಯಾಂಕಿಗೆ, ಮಗಳ ಮನೆಗೆ ಅಂತ ಹೋಗ್ತಾ ಇರ್ತಾರಲ್ಲ. ವರ್ಷ ಓಡಿಸಿದ ಹಾಗೆಲ್ಲ ಕಮ್ಮಿಯಾಗ್ತಾ ಇದಾರೆ. ಕೊನೆಕೊನೆಗೆ ಬಸ್ಸಲ್ಲಿ ಡ್ರೈವರ್ ಒಬ್ಬನೇ ಕೂತಿದಾನೆ, ಪಾಪ.’

ಸರಾಸರಿ ಸಾಹೇಬರು ಆಗಲೇ ವರದಿಯಲ್ಲಿ ‘ಮಧ್ಯಾಹ್ನದ ಬಸ್ಸುಗಳನ್ನು ಕಡಿಮೆ ಮಾಡಬಹುದು’ ಎಂದು ಬರೆಸಿಬಿಟ್ಟಿದ್ದರು. ನಾನು ಹುಡುಕಲು ಕುಳಿತೆ. ಸಾವಿನ ಲೆಕ್ಕ ಸರಿಯಾಗಿಯೇ ಇತ್ತು. ಹಾಗಾದರೆ ಇವರೆಲ್ಲ ಎಲ್ಲಿ? ಲಕ್ಷಗಟ್ಟಲೆ ಸಾಲುಗಳ ನಡುವೆ ಒಂದು ಮನೆಯನ್ನು ಆರಿಸಿಕೊಂಡು ಅದರ ಹಿಂದೆ ಬಿದ್ದೆ. ಯಜಮಾನ, ಸಂಗಾತಿ, ಮಗಳು, ಮತ್ತು ಇತರೆ ಸಂಬಂಧಿ: ಹೆಣ್ಣು, ವಯಸ್ಸು ಅರವತ್ತೆಂಟು. ಆ ಮನೆಯನ್ನೇ ಯಾಕೆ ಆರಿಸಿದೆ ಎಂದು ಕೇಳಿದರೆ ಇಷ್ಟೇ: ಕಣ್ಣಿಗೆ ಬಿತ್ತು.

ಕೆಲವು ವರ್ಷ ಆ ನಾಲ್ವರೂ ಒಟ್ಟಿಗಿದ್ದರು. ವಯಸ್ಸಾದವಳು ಮಧ್ಯಾಹ್ನದ ಬಸ್ಸಿನಲ್ಲಿ ಎಲ್ಲಿಗೋ ಹೋಗಿಬರುತ್ತಿದ್ದಳು. ಆಮೇಲೊಂದು ವರ್ಷ ಮನೆ ಬದಲಾಯಿತು. ಹೊಸ ರೈಲಿನ ತುದಿಯ ಬಡಾವಣೆಯಲ್ಲಿ ಎರಡು ರೂಮಿನ ಮನೆ. ಯಜಮಾನ ಹೋದ, ಸಂಗಾತಿ ಹೋದಳು, ಮಗಳು ಹೋದಳು. ಇತರೆ ಸಂಬಂಧಿ ಹಳೆಯ ಮನೆಯ ನಂಬರಿನಲ್ಲೇ ಉಳಿದಳು. ಆ ವರ್ಷವಿಡೀ ಅವಳು ಎಲ್ಲಿಗೂ ಹೋಗಲಿಲ್ಲ, ಯಾಕೆಂದರೆ ಓಡಾಟವನ್ನು ಲೆಕ್ಕ ಹಾಕುವುದು ಯಜಮಾನನಿರುವ ಮನೆಗೆ ಮಾತ್ರ. ಮರುವರ್ಷ ಆ ಮನೆಗೆ ಬೇರೆ ಸಂಸಾರ ಬಂತು, ಅವಳ ಸಾಲಿನ ಮೇಲೆ ಅವರ ಸಾಲು ಕೂತಿತು. ಅಲ್ಲಿಗೆ ಮುಗಿಯಿತು. ಸಾಯಲೂ ಇಲ್ಲ.

ಎಂದೋ ಕೆಲಸ ಬಿಟ್ಟುಹೋದ ಯಾರೋ ಒಬ್ಬರು ಆ ಭಾಗವನ್ನು ಬರೆಯುವಾಗ, ಮನೆ ಬದಲಾದರೆ ಯಜಮಾನ, ಸಂಗಾತಿ, ಮಕ್ಕಳು ಇಷ್ಟು ಜನರನ್ನು ಹೊಸ ನಂಬರಿಗೆ ಸಾಗಿಸು ಎಂದು ಬರೆದಿದ್ದರು. ಉಳಿದವರ ಮಾತೇ ಇಲ್ಲ. ಕೆಟ್ಟ ಮನಸ್ಸಿನಿಂದಲ್ಲ, ನೆನಪಾಗಿರಲಿಲ್ಲ ಅಷ್ಟೆ. ವರ್ಷದ ಕೊನೆಗೆ ಊರಿನ ಒಟ್ಟು ಜನ ಕಡಿಮೆ ಬಿದ್ದರೆ ಇದ್ದವರನ್ನೇ ನಕಲು ಮಾಡಿ ಭರ್ತಿ ಮಾಡುವ ಇನ್ನೊಂದು ಭಾಗವಿತ್ತು. ಕಳೆದುಹೋದ ಚಿಕ್ಕಮ್ಮ, ಸೋದರಮಾವ, ಅಜ್ಜಿಯರ ಜಾಗದಲ್ಲಿ ಕೆಲಸಕ್ಕೆ ಹೋಗುವ ಗಟ್ಟಿಮುಟ್ಟಾದವರು ಬಂದು ಕೂರುತ್ತಿದ್ದರು. ಒಟ್ಟು ತಾಳೆಯಾಗುತ್ತಿತ್ತು. ಯಾರಿಗೂ ಅನುಮಾನ ಬಂದಿರಲಿಲ್ಲ.

ಪ್ರೋಗ್ರಾಮಿನ ನನ್ನ ಪ್ರತಿಯಲ್ಲಿ ಅದನ್ನು ಸರಿಮಾಡಿದೆ. ದೊಡ್ಡ ಕೆಲಸವೇನಲ್ಲ, ಒಂದು ಸಾಲು. ಮತ್ತೆ ಓಡಿಸಿದಾಗ ಮುದುಕಿಯರು ಬಸ್ಸಿಗೆ ಬಂದರು. ಆದರೆ ಬೇರೊಂದು ಆಯಿತು. ನಾಲ್ಕನೆಯವರನ್ನೂ ಕರೆದುಕೊಂಡು ಹೋಗಬೇಕಾದ ಸಂಸಾರಗಳು ಎರಡು ರೂಮಿನ ಮನೆಗಳನ್ನು ಒಪ್ಪಲಿಲ್ಲ, ಇದ್ದಲ್ಲೇ ಕೂತವು. ರೈಲಿನ ತುದಿಯ ಬಡಾವಣೆ ಅಂದುಕೊಂಡಷ್ಟು ತುಂಬಲಿಲ್ಲ. ರೈಲು ಹತ್ತುವವರೂ ಕಡಿಮೆಯಾದರು.

ಎಲ್ಲವನ್ನೂ ವಿವರವಾಗಿ ಸಾಹೇಬರಿಗೆ ಮೇಲ್ ಬರೆದೆ. ಅವರು ಕೂರುವುದು ನನ್ನ ಬೆನ್ನ ಹಿಂದೆಯೇ. ಓದಿ ಮುಗಿಸಿ, ಟೀ ಲೋಟ ಹಿಡಿದುಕೊಂಡು ಬಂದು ನಿಂತರು.

‘ಏನಮ್ಮ, ಕುರ್ಚಿ ತಿರುಗಿಸಿದ್ರೆ ಸಾಕಾಗಿತ್ತು. ಪತ್ರ ಬರೆಯೋಷ್ಟು ದೂರ ಇದೀನಾ ನಾನು?’

‘ಇಲ್ಲ ಸರ್.’

‘ಒಟ್ಟು ಸರಿ ಬರ್ತಾ ಇದೆ ತಾನೇ?’

‘ಬರ್ತಾ ಇದೆ ಸರ್. ಆದ್ರೆ...’

ಅವರು ಕಾದರು. ಕೆಟ್ಟವರಲ್ಲ, ನಿಜವಾಗಿ ಕಾದರು. ಮೇಲ್‌ನಲ್ಲಿ ಅಷ್ಟು ಸಲೀಸಾಗಿ ಬಂದದ್ದು ಬಾಯಿಗೆ ಬರಲೊಲ್ಲದು.

‘ರೈಲಿನವರಿಗೆ ಅಂಕಿ ಕೊಟ್ಟಾಗಿದೆ ಕಣಮ್ಮ,’ ಎಂದರು ಕೊನೆಗೆ. ‘ಈಗ ಹೋಗಿ, ನಾವು ಅಜ್ಜಿಯರನ್ನ ಮರೆತುಬಿಟ್ಟಿದ್ವಿ ಅಂದ್ರೆ ಮುಖಕ್ಕೆ ಹೊಡೀತಾರೆ. ಮುಂದಿನ ಆವೃತ್ತೀಲಿ ಸರಿಮಾಡೋಣ. ಅಲ್ಲಿವರೆಗೆ ಸರಾಸರೀಲಿ ಸರಿಹೋಗುತ್ತೆ.’ ಆಮೇಲೆ ವಾತಾವರಣ ಹಗುರ ಮಾಡಲೆಂದೋ ಏನೋ, ‘ನಮ್ಮನೇಲೂ ಒಬ್ರು ಇತರೆ ಇದಾರೆ. ನಮ್ಮ ಮಾವ. ನಾವು ಮನೆ ಬದಲಾಯಿಸಿದ್ದೇ ಬದಲಾಯಿಸಿದ್ದು, ಅವರು ಒಂದ್ಸಲಾನೂ ಕಳೆದುಹೋಗ್ಲಿಲ್ಲ. ನಿಮ್ಮ ಪ್ರೋಗ್ರಾಂ ಸ್ವಲ್ಪ ನಮ್ಮನೆಗೂ ಹಾಕಿಕೊಡಿ,’ ಎಂದರು.

ಕಂಡಕ್ಟರ್ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಸಾಹೇಬರು ಲೋಟದ ತಳದಲ್ಲಿ ಉಳಿದದ್ದನ್ನು ನೋಡುತ್ತಾ ತಮ್ಮ ಜಾಗಕ್ಕೆ ಹೋದರು. ಅವರ ಮುಖವೂ ನನ್ನದರ ಹಾಗೇ ಇತ್ತು. ಆದರೆ ಅವರಿಗೆ ನಿಜವಾಗಿಯೇ ಸುಸ್ತಾಗಿತ್ತು. ‘ಹೂಂ ಸರ್’ ಎಂದು ನಾನು ಅವರ ಬೆನ್ನಿಗೆ ಹೇಳಿದೆ. ನನ್ನ ಬಾಯಿಂದ ಅತಿ ಹೆಚ್ಚು ಬರುವ ಮಾತೇ ಅದು, ಹೂಂ.

ಇಷ್ಟೆಲ್ಲ ಹೇಳಿ ಮುಖ್ಯವಾದದ್ದನ್ನು ಹೇಳದೆ ಬಿಟ್ಟರೆ ನ್ಯಾಯವಲ್ಲ. ಅಮ್ಮ ಅಪ್ಪ ಆಗಲೇ ಒಂದು ಮನೆ ಗೊತ್ತುಮಾಡಿದ್ದರು. ನನ್ನ ಆಫೀಸಿನಿಂದ ನಡೆದುಹೋಗುವಷ್ಟು ದೂರ. ಹಿಂದಿನ ಭಾನುವಾರ ಮೂವರೇ ಹೋಗಿ ನೋಡಿಬಂದಿದ್ದೆವು. ಅತ್ತೆ ಮಂಡಿನೋವೆಂದು ಮನೆಯಲ್ಲೇ ಉಳಿದಿದ್ದರು. ಮನೆ ತೋರಿಸಿದ ದಲ್ಲಾಳಿ ಮೆಟ್ಟಿಲಲ್ಲೇ ಹೇಳಿದ್ದ: ‘ಓನರಮ್ಮ ಸ್ವಲ್ಪ ಸ್ಟ್ರಿಕ್ಟು. ಮೂರು ಜನಕ್ಕಿಂತ ಜಾಸ್ತಿ ಇದ್ರೆ ಕೊಡೋದೇ ಇಲ್ಲ. ನೀವು ಮೂರೇ ತಾನೇ?’ ಅಪ್ಪ ಆಗ ಕೆಮ್ಮಿದರು. ಅದು ಹೌದೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ. ದಲ್ಲಾಳಿ ಹೌದು ಎಂದುಕೊಂಡ.

ಎರಡು ರೂಮು. ಒಂದು ದೊಡ್ಡದು, ಒಂದು ಚಿಕ್ಕದು. ಚಿಕ್ಕ ರೂಮಿನಲ್ಲಿ ಒಂದು ಮಂಚ ಹಾಕಿದರೆ ಒಂದು ಮೇಜಿಗೆ ಜಾಗ ಉಳಿಯುತ್ತದೆ, ಅಷ್ಟೆ. ಗೋಡೆಯಲ್ಲೇ ಕೊರೆದ ಒಂದು ಗೂಡು, ಒಂದು ಕಿಟಕಿ, ಕಿಟಕಿಯಾಚೆ ಯಾರದೋ ಒಣಗಲು ಹಾಕಿದ ಬಟ್ಟೆ. ಬಾಗಿಲಿನ ಒಳಗಡೆ ಒಂದು ಚಿಲಕ. ನಾನು ಒಳಗೆ ಹೋಗಿ, ಸುಮ್ಮನೆ ನೋಡಲೆಂದು ಆ ಚಿಲಕ ಹಾಕಿದೆ. ಹೊರಗೆ ಅಮ್ಮ ಏನೋ ಹೇಳುತ್ತಿದ್ದಳು, ನನಗೆ ಅರ್ಥವಾಗಲಿಲ್ಲ. ಇಷ್ಟು ವರ್ಷದಲ್ಲಿ ನಾನು ಒಳಗಿನಿಂದ ಹಾಕಿದ ಚಿಲಕವೆಂದರೆ ಬಚ್ಚಲುಮನೆಯದೊಂದೇ. ಇದು ನನ್ನದಾಗಲಿ ಎನ್ನಿಸಿತು. ತುಂಬ ಬೇಕೆನ್ನಿಸಿತು. ಅತ್ತೆ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾದರು, ನೆನಪಾದ ಮೇಲೂ ಬೇಕೆನ್ನಿಸಿತು.

ಮನೆಯಲ್ಲಿ ಆ ವಿಷಯವನ್ನು ಯಾರೂ ನೇರವಾಗಿ ಎತ್ತಲಿಲ್ಲ. ಅತ್ತೆಯ ಸಾಮಾನು ಎಲ್ಲಿ ಹಿಡಿಸುತ್ತದೆ ಎಂಬ ಮಾತು ಬಂದರೆ ಅಮ್ಮ ‘ಆಮೇಲೆ ನೋಡೋಣ’ ಎನ್ನುತ್ತಿದ್ದಳು. ಅಪ್ಪ ಪೇಪರನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದರು. ಶನಿವಾರ ಸಂಜೆ ಚಿಕ್ಕಪ್ಪನ ಫೋನು ಬಂತು. ಬೇರೆ ಊರಿನಲ್ಲಿದ್ದಾರೆ, ಅತ್ತೆಯ ಜೊತೆ ಅವರು ಮನಸ್ಸು ಬಿಚ್ಚಿ ಮಾತಾಡಿದ್ದನ್ನು ನಾನು ನೋಡಿಲ್ಲ. ಅಪ್ಪ ಫೋನನ್ನು ಹೊರಗೆ ತೆಗೆದುಕೊಂಡು ಹೋಗಿ ತುಂಬ ಹೊತ್ತು ಮಾತಾಡಿ ಬಂದರು.

ಅತ್ತೆ ನನ್ನ ಕುರ್ತಾದ ಹರಿದ ಜೇಬಿಗೆ ಹೊಲಿಗೆ ಹಾಕುತ್ತಿದ್ದರು. ‘ನಮ್ಮ ಚಿಕ್ಕೋನು ಏನಂತಾನೆ?’ ಎಂದು ಕೇಳಿದರು.

‘ಏನಿಲ್ಲ ಅಕ್ಕ. ಹೀಗೇ. ಅಕ್ಕ ಬಂದು ಸ್ವಲ್ಪ ದಿನ ಇರಲಿ ಅಂತಿದ್ದ.’

‘ಓ. ಅಷ್ಟು ಪ್ರೀತಿ ಯಾವಾಗ ಬಂತಂತೆ?’ ಹಲ್ಲಿನಿಂದ ದಾರ ಕಡಿದು ಅತ್ತೆ ನಕ್ಕರು. ‘ಸರಿ ಬಿಡು. ಅವನ ಹೆಂಡತಿ ಗೊರಕೆ ನಂಗಿಂತ ಜೋರು. ಇಬ್ರೂ ಸೇರಿ ಬೀದಿಯವರನ್ನ ಎಬ್ಬಿಸ್ತೀವಿ.’

ಅಮ್ಮನೂ ನಕ್ಕಳು. ‘ಅತ್ತಿಗೆ, ನೀವೊಬ್ರು,’ ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಅತ್ತೆ ಕುರ್ತಾವನ್ನು ನನ್ನ ಮಡಿಲಿಗೆ ಹಾಕಿ, ‘ತಗೋ. ಇನ್ಮೇಲೆ ಜೇಬಿಗೆ ಕಲ್ಲು ತುಂಬ್ಕೋಬೇಡ,’ ಎಂದರು. ನನಗೆ ಹೇಳಬೇಕೆನ್ನಿಸಿತು. ಏನನ್ನು ಎಂದು ಗೊತ್ತಿರಲಿಲ್ಲ. ಹೂಂ ಎಂದೆ.

ಮರುದಿನ ಓನರಮ್ಮನಿಗೆ ಮಾತು ಕೊಡಲು ಹೋಗುವುದೆಂದು ನಿಶ್ಚಯವಾಗಿತ್ತು. ಅತ್ತೆ ನಮಗಿಂತ ಮೊದಲೇ ಸಿದ್ಧರಾಗಿ ಚಪ್ಪಲಿ ಹಾಕಿಕೊಂಡು ನಿಂತಿದ್ದರು.

‘ಮಂಡಿ ನೋಯಲ್ವಾ ಅಕ್ಕ?’ ಎಂದರು ಅಪ್ಪ.

‘ನೋಯೋದು ಮನೇಲಿದ್ರೂ ನೋಯುತ್ತೆ. ನನ್ನ ತಮ್ಮ ಯಾವ ಅರಮನೆ ಹಿಡಿದಿದಾನೆ ಅಂತ ನಾನೂ ನೋಡ್ತೀನಿ.’

ಎರಡೂ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ಭಾನುವಾರವಾದ್ದರಿಂದ ಬಸ್ಸು ಖಾಲಿಯಿತ್ತು. ನಿಲ್ದಾಣ ಬಂದಾಗಲೆಲ್ಲ ‘ದಿನಾ ಇಷ್ಟು ದೂರಾನಾ?’ ಎನ್ನುವಂತೆ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಒಮ್ಮೆ ನನ್ನ ಕೈ ಹಿಡಿದು, ‘ನಿಜವಾಗ್ಲೂ ಸುಸ್ತಾಗುತ್ತೇನೇ?’ ಎಂದು ಮೆಲ್ಲಗೆ ಕೇಳಿದರು. ಸುಸ್ತಾಗುತ್ತಿತ್ತು. ಆಗುವುದಿಲ್ಲ ಎಂದರೂ ಸುಳ್ಳು, ಆಗುತ್ತದೆ ಎಂದರೂ ಅವರನ್ನು ನಾನೇ ಕೈಯಾರೆ ಕಳಿಸಿಕೊಟ್ಟ ಹಾಗೆ. ಕಿಟಕಿಯಾಚೆ ನೋಡಿದೆ. ಮುಖ ತನ್ನ ಕೆಲಸ ತಾನು ಮಾಡಿರಬೇಕು. ಅತ್ತೆ ‘ಪಾಪ’ ಎಂದು ನನ್ನ ಕೈ ತಟ್ಟಿದರು.

ಓನರಮ್ಮ ಕೆಳಗಿನ ಮನೆಯಲ್ಲೇ ಇರುವವರು. ಬೀಗದ ಕೈಗಳ ಗೊಂಚಲನ್ನು ಬಳೆಯ ಹಾಗೆ ಕೈಗೆ ಹಾಕಿಕೊಂಡು ನಮ್ಮ ಜೊತೆ ಮೇಲೆ ಬಂದರು. ಅತ್ತೆ ಮನೆಯನ್ನು ಪರೀಕ್ಷೆ ಮಾಡತೊಡಗಿದರು: ನಲ್ಲಿ ತಿರುಗಿಸಿದರು, ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿದರು, ಅಡುಗೆಮನೆಯ ಕಿಟಕಿ ತೆಗೆದು ಹಾಕಿದರು. ‘ಗಾಳಿ ಚೆನ್ನಾಗಿದೆ ಕಣೇ,’ ಎಂದು ಅಮ್ಮನಿಗೆ ಕೂಗಿ ಹೇಳಿದರು. ಚಿಕ್ಕ ರೂಮಿಗೆ ಬಂದು, ಗೋಡೆಯ ಗೂಡನ್ನು ಕೈಯಿಂದ ಒರೆಸಿ ನೋಡಿದರು.

‘ಇಲ್ಲಿ ನಿನ್ನ ಪುಸ್ತಕ ಇಟ್ಕೋಬಹುದು. ಮೇಜು ಈ ಕಡೆ ಹಾಕು, ಬೆಳಕು ಎಡದಿಂದ ಬರುತ್ತೆ.’ ಸ್ವಲ್ಪ ತಡೆದು, ‘ಬೆಳಿಗ್ಗೆ ರೇಡಿಯೋ ಕಾಟ ಇರಲ್ಲ ನೋಡು,’ ಎಂದು ನನ್ನ ಕೆನ್ನೆ ಚಿವುಟಿ ಹೊರಗೆ ಹೋದರು.

ನಾನು ಬಾಗಿಲ ಬಳಿಯೇ ನಿಂತೆ. ಕೈ ಚಿಲಕದ ಮೇಲಿತ್ತು. ನುಣುಪಾದ, ತಣ್ಣಗಿನ ಚಿಲಕ.

ಹೊರಗಿನ ಖಾಲಿ ಕೋಣೆಯಲ್ಲಿ ಓನರಮ್ಮ ಅಪ್ಪನನ್ನು ಕೇಳುತ್ತಿದ್ದರು. ‘ಎಲ್ಲ ಒಪ್ಪಿಗೆ ತಾನೇ? ಒಂದು ಮಾತು ಮೊದಲೇ ಕೇಳ್ಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಒಟ್ಟು ಎಷ್ಟು ಜನ ಇರ್ತೀರಿ? ಟ್ಯಾಂಕು ಚಿಕ್ಕದು, ನೀರು ಸಾಲಲ್ಲ. ಅದಕ್ಕೇ ಮೂರರ ಮೇಲೆ ಕೊಡಲ್ಲ ನಾನು.’

ಅಪ್ಪ ಅಮ್ಮನ ಕಡೆ ನೋಡಿದರು. ಅಮ್ಮ ಕೈಚೀಲದ ಜಿಪ್ಪನ್ನು ಎಳೆದಳು, ಮತ್ತೆ ಹಾಕಿದಳು. ಅಪ್ಪನಿಗೆ ಈ ಸಲ ಕೆಮ್ಮು ಕೂಡ ಬರಲಿಲ್ಲ. ಅವರಿಬ್ಬರೂ ಕೆಟ್ಟವರೆಂದು ನನಗೆ ಆ ಕ್ಷಣದಲ್ಲೂ ಅನ್ನಿಸಲಿಲ್ಲ. ನನ್ನ ಮುಖ ನೋಡಿ ನೋಡಿ ಸೋತುಹೋದವರು ಅವರು.

ಉತ್ತರ ಕೊಟ್ಟದ್ದು ಅತ್ತೆ.

‘ಮೂರೇ ಜನಮ್ಮ. ಅಪ್ಪ, ಅಮ್ಮ, ಮಗಳು.’ ಅವರ ದನಿ ಹಗುರವಾಗಿತ್ತು, ಪಕ್ಕದ ಮನೆಯವರ ವಿಷಯ ಹೇಳುವ ಹಾಗೆ. ‘ನಾನು ಸುಮ್ನೆ ನೋಡೋಕೆ ಅಂತ ಬಂದೋಳು.’

‘ಹಾಗಾದ್ರೆ ಹೇಳಿ ಮಾಡಿಸಿದ ಹಾಗಾಯ್ತು,’ ಎಂದರು ಓನರಮ್ಮ.

ಅಪ್ಪ ನೆಲ ನೋಡುತ್ತಿದ್ದರು. ಅಮ್ಮ ಮತ್ತೆ ಜಿಪ್ಪಿಗೆ ಕೈಹಾಕಿದಳು. ಅತ್ತೆ ಮಂಡಿಯ ಮೇಲೆ ಕೈಯೂರಿ, ಇಳಿಯುವುದಕ್ಕೆಂದು ಆಗಲೇ ಮೆಟ್ಟಿಲ ಕಡೆ ತಿರುಗಿದ್ದರು. ಇನ್ನೊಂದು ಗಳಿಗೆ ಕಳೆದಿದ್ದರೆ ಮುಗಿದೇ ಹೋಗುತ್ತಿತ್ತು, ಒಟ್ಟು ತಾಳೆಯಾಗುತ್ತಿತ್ತು.

ನಾನು ಚಿಲಕದಿಂದ ಕೈ ತೆಗೆದೆ. ಖಾಲಿ ಮನೆಯಾದ್ದರಿಂದ ನನ್ನ ದನಿ ನನಗೇ ಗುರುತು ಸಿಗದಷ್ಟು ದೊಡ್ಡದಾಗಿ ಕೇಳಿಸಿತು.

‘ಇಲ್ಲ. ನಾವು ನಾಲ್ಕು ಜನ.’